ನೆಲದ ಒಡತಿಯರೂ ತಾಮ್ರದ ಒಡೆಯರೂ

ನಮ್ಮ ಕಾಲೇಜಿನ ಆವರಣದ ಗೋಡೆಯ ಮೇಲೆ ಬೋಗನ್‌ವಿಲ್ಲ ಬಳ್ಳಿ ವರ್ಷದ ಬಹುಭಾಗ ಹೂತು ನಿಂತಿರುತ್ತದೆ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಅದನ್ನು ಕಾಗದದ ಹೂವೆಂದೇ ಕರೆಯುವರು. ಹೆಸರು ಹೂವಿಗೆ ಒಪ್ಪುತ್ತದೆ. ಮೊದಲನೆಯ ಹೆಸರಿಗಾದರೋ ಹೂವಿನ ರೂಪಕ್ಕಾಗಲಿ ಗುಣಕ್ಕಾಗಲಿ ಯಾವ ಸಂಬಂಧವೂ ಇಲ್ಲ. ಲೂಯಿ ಆಂತ್ವಾನ್ ದ ಬೋಗನ್‌ವಿಲ್ ಎಂಬ ಫ್ರೆಂಚ್ ನಾವಿಕನು ಭೂಪ್ರದಕ್ಷಿಣೆಗೆ ಹೊರಟಾಗ, ಅವನ ಸಂಗಡ ಹೋಗಿದ್ದ ಸಸ್ಯಶಾಸ್ತ್ರಜ್ಞನು ಬ್ರೆಜಿಲ್ ದೇಶದಲ್ಲಿ ಈ ಬಳ್ಳಿಯನ್ನು ಕಂಡನು. ಯಜಮಾನನ ಹೆಸರು ಬಳ್ಳಿಗೆ ಬಂದಿತು. ಅದೇ ಯಾತ್ರೆಯಲ್ಲಿ, ೧೭೬೮ರಲ್ಲಿ, ಶಾಂತಸಾಗರದ ಒಂದು ದೊಡ್ಡ ದ್ವೀಪದ ಅಂಚಿನಲ್ಲಿ ಆ ನಾವಿಕನು ಹಾದುಹೋದನು. ದ್ವೀಪಕ್ಕೂ ಅವನ ಹೆಸರೇ ನಿಂತಿತು. ಹೆಸರಿನಿಂದ ಬಳ್ಳಿಗೇನೂ ಬಾಧೆಯಾಗಲಿಲ್ಲ. ದ್ವೀಪದ ಕಥೆ ಬೇರೆ.

ಆ ದ್ವೀಪದ ನಡುಬೆಟ್ಟದಲ್ಲಿ ಪಂಗುನಾ ಎಂಬ ಊರಿದೆ. ಊರೆಂದರೆ ಈಗ ಊರಲ್ಲ, ಒಂದು ಮಹಾಗರ್ತ. ಸುಮಾರು ಎರಡು ಕಿಲೋಮೀಟರು ಅಗಲದ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿರುವ ಹೊಂಡ. ೧೯೭೨ರಿಂದ ೧೯೮೯ರವರೆಗೆ ಹದಿನೇಳು ವರ್ಷ ಅಲ್ಲಿಂದ ಸುಮಾರು ಮೂವತ್ತು ಲಕ್ಷ ಟನ್ನು ತಾಮ್ರವೂ ಮುನ್ನೂರು ಟನ್ನಿಗೂ ಮಿಕ್ಕ ಚಿನ್ನವೂ ಹೊರಬಂದುವು. ಅವುಗಳ ಜೊತೆಗೆ ಹೊರಬಂದ ನೂರು ಕೋಟಿ ಟನ್ನಿಗೂ ಹೆಚ್ಚಿನ ಕಲ್ಲುಪುಡಿ, ಕೆಸರು, ಗಣಿಯ ಕಸ ಕವೆರಾಂಗ್ ಮತ್ತು ಜಾಬಾ ಎಂಬ ಎರಡು ಹೊಳೆಗಳ ಪಾಲಿಗೆ ಬಂದಿತು. ತಾಮ್ರ ಹಡಗೇರಿ ಹೋಯಿತು. ಕಸ ಅಲ್ಲಿಯೇ ಉಳಿಯಿತು. ಅಲ್ಲಿಯ ಜನ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಒಂದಲ್ಲ ಒಂದು ನ್ಯಾಯಸ್ಥಾನದ ಬಾಗಿಲಲ್ಲಿ ನಿಂತಿದ್ದಾರೆ. ಗಣಿ ನಡೆದದ್ದಕ್ಕಿಂತ ಗಣಿಯ ವ್ಯಾಜ್ಯ ನಡೆದ ಕಾಲವೇ ದೀರ್ಘ. ಈ ವ್ಯಾಜ್ಯದಲ್ಲಿ ಕೇಳಿದ ಪ್ರಶ್ನೆ ಯಾವುದು, ದೊರೆತ ಉತ್ತರ ಯಾವುದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದ್ವೀಪವು ಮೊದಲು ಜರ್ಮನರ ವಸಾಹತು. ೧೯೧೪ರಲ್ಲಿ, ಮೊದಲನೆಯ ಮಹಾಯುದ್ಧದ ಆದಿಯಲ್ಲಿ, ಆಸ್ಟ್ರೇಲಿಯದವರ ಕೈಗೆ ಬಂದಿತು. ಮುಂದೆ ರಾಷ್ಟ್ರಸಂಘದ, ಅನಂತರ ವಿಶ್ವಸಂಸ್ಥೆಯ ಹೆಸರಿನಲ್ಲಿ ಆಸ್ಟ್ರೇಲಿಯವೇ ಅದರ ಪಾರುಪತ್ಯ ನಡೆಸಿತು. ‘ಧರ್ಮದರ್ಶಿತ್ವ’ ಎಂದು ಆ ಆಡಳಿತಕ್ಕೆ ಹೆಸರು. ಅಪ್ರಾಪ್ತವಯಸ್ಕನ ಆಸ್ತಿಯನ್ನು ಸೋದರಮಾವ ನೋಡಿಕೊಂಡಂತೆ ಎಂದು ಅದರ ಭಾವ. ೧೯೬೪ರಲ್ಲಿ ರಿಯೋ ಟಿಂಟೋ ಎಂಬ ಬ್ರಿಟಿಷ್ ಗಣಿಸಂಸ್ಥೆಯ ಆಸ್ಟ್ರೇಲಿಯದ ಶಾಖೆಯವರು ಪಂಗುನಾದಲ್ಲಿ ತಾಮ್ರವನ್ನು ಅರಸಲು ಬಂದರು. ೧೯೬೭ರಲ್ಲಿ ಸಂಸ್ಥೆಗೂ ವಸಾಹತಿನ ಆಡಳಿತಕ್ಕೂ ಒಪ್ಪಂದವಾಯಿತು. ನೆಲದ ಮೇಲೆ ವಾಸಿಸುತ್ತಿದ್ದವರು ಆ ಒಪ್ಪಂದದಲ್ಲಿ ಒಂದು ಪಕ್ಷವಾಗಿರಲಿಲ್ಲ.

ರಿಯೋ ಟಿಂಟೋ ಎಂಬ ಹೆಸರಿನ ವಿಷಯದಲ್ಲಿ ಒಂದು ಮಾತು. ಅದು ಸ್ಪೇನ್ ದೇಶದ ಒಂದು ನದಿಯ ಹೆಸರು; ‘ಬಣ್ಣವೇರಿದ ಹೊಳೆ’ ಎಂದರ್ಥ. ಸಹಸ್ರಾರು ವರ್ಷ ಗಣಿಗಾರಿಕೆ ನಡೆದ ಬೆಟ್ಟಗಳ ನಡುವೆ ಹರಿಯುವ ಆ ನದಿಯ ನೀರು ಕೆಂಪು. ಅದರ ದಡದ ಗಣಿಗಳನ್ನು ಕೊಂಡುಕೊಳ್ಳಲೆಂದೇ ೧೮೭೩ರಲ್ಲಿ ಸಂಸ್ಥೆ ಹುಟ್ಟಿತು. ಹೆಸರಿಗೂ ವಸ್ತುವಿಗೂ ಸಂಬಂಧವಿಲ್ಲವೆಂದು ಬೋಗನ್‌ವಿಲ್ಲದ ವಿಷಯದಲ್ಲಿ ಹೇಳಿದ ಮಾತನ್ನು ಇಲ್ಲಿ ಹೇಳಲಾಗದು.

ಪಂಗುನಾದ ಸುತ್ತಿನವರು ನಾಸಿಯೋಯಿ ಜನ. ಅವರಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನದ ಕಟ್ಟನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಆಸ್ಟ್ರೇಲಿಯದ ಕಾನೂನನ್ನು ಓದಿ ಬಂದಿದ್ದ ಅಧಿಕಾರಿಗಳಿಗೆ ಇದು ತಿಳಿಯುವುದು ಕಷ್ಟವಾಯಿತು. ಅವರ ಕಾನೂನಿನಲ್ಲಿ ನೆಲದ ಮೇಲ್ಮೈ ಒಬ್ಬನದು, ನೆಲದ ಕೆಳಗಿನ ಖನಿಜ ಅರಸನದು. ಬೇರು ಒಬ್ಬರದು, ಬೇರಿನ ಕೆಳಗಿನ ಕಲ್ಲು ಇನ್ನೊಬ್ಬರದು ಎಂಬ ಈ ವಿಭಾಗವು ನಾಸಿಯೋಯಿ ಹೆಂಗಸರಿಗೆ ಅರ್ಥವಾಗಲಿಲ್ಲವೆಂದರೆ ಅದು ಅವರ ಅಜ್ಞಾನವೆಂದು ಬರೆದವರುಂಟು. ಅರ್ಥವಾಗಿಯೇ ಅವರು ಒಪ್ಪಲಿಲ್ಲ ಎಂದು ನಮಗೆ ತೋರುತ್ತದೆ. ೧೯೬೯ರ ಆಗಸ್ಟಿನಲ್ಲಿ ಗಣಿಯ ರೇವಿಗಾಗಿ ರೊರೊವಾನಾ ಎಂಬ ಕಡಲತೀರದ ಹಳ್ಳಿಯ ನೆಲವನ್ನು ಅಳೆಯಲು ಬಂದಾಗ, ನೆಟ್ಟ ಗಡಿಗುರುತನ್ನು ಹೆಂಗಸರು ಕಿತ್ತು ತೆಗೆದರು. ಪೋಲೀಸರು ಅಶ್ರುವಾಯುವನ್ನೂ ಲಾಠಿಯನ್ನೂ ಪ್ರಯೋಗಿಸಿದರು. ಆ ದಿನದ ಛಾಯಾಚಿತ್ರಗಳು ಆಸ್ಟ್ರೇಲಿಯದ ಪತ್ರಿಕೆಗಳಲ್ಲಿ ಅಚ್ಚಾಗಿ ಅಲ್ಲಿಯ ಜನರಿಗೇ ನಾಚಿಕೆಯಾಯಿತು. ಗಣಿಯ ಕೆಲಸ ನಿಲ್ಲಲಿಲ್ಲ.

ಮೊದಲನೆಯ ದಾವೆಯೂ ಅದೇ ವರ್ಷದ್ದು. ತೆಯೋರಿ ತೌ ಎಂಬ ಭೂಮಾಲಿಕರೊಬ್ಬರು ಆಸ್ಟ್ರೇಲಿಯದ ಹೈಕೋರ್ಟಿಗೆ ಹೋದರು. ಆ ದೇಶದ ಸಂವಿಧಾನದಲ್ಲಿ, ಸರಕಾರವು ಯಾರ ಸ್ವತ್ತನ್ನಾದರೂ ತೆಗೆದುಕೊಂಡರೆ ನ್ಯಾಯವಾದ ಕರಾರಿನ ಮೇಲೆ ತೆಗೆದುಕೊಳ್ಳತಕ್ಕದ್ದು ಎಂಬ ಅಭಯವಿದೆ. ನಮ್ಮ ನೆಲದ ತಾಮ್ರವನ್ನು ತೆಗೆದುಕೊಂಡಿರಿ, ನ್ಯಾಯವಾದ ಕರಾರು ಎಲ್ಲಿ? ಎಂಬುದು ದಾವೆಯ ತಿರುಳು. ಏಳು ಮಂದಿ ನ್ಯಾಯಾಧೀಶರು ಸರ್ವಾನುಮತದಿಂದ, ಕೆಲವೇ ಪುಟಗಳಲ್ಲಿ, ಉತ್ತರ ಕೊಟ್ಟರು: ಸಂವಿಧಾನದ ಆ ಅಭಯ ಆಸ್ಟ್ರೇಲಿಯದ ಆಡಳಿತಕ್ಕೆ ಸೇರಿದ ಹೊರಪ್ರಾಂತಗಳಿಗೆ ಅನ್ವಯಿಸುವುದಿಲ್ಲ. ಆಳುವ ಹಕ್ಕು ಅಲ್ಲಿಯವರೆಗೆ ಹೋಗುತ್ತದೆ, ಕೊಟ್ಟ ಮಾತು ಹೋಗುವುದಿಲ್ಲ. ತೌ ಅವರ ನೆಲದಲ್ಲಿ ಅನ್ಯಾಯ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆಯನ್ನು ನ್ಯಾಯಸ್ಥಾನ ಮುಟ್ಟಲೇ ಇಲ್ಲ. ಮುಟ್ಟಬೇಕಾದ ಅಗತ್ಯವೇ ಬೀಳಲಿಲ್ಲ.

ಹಾಗಾದರೆ ಪಂಗುನಾದವರಿಗೆ ಏನೂ ಕೊಡಲಿಲ್ಲವೇ? ಕೊಟ್ಟರು. ಕಡಿದ ಮರಗಳಿಗೆ, ಹಾಳಾದ ಪೈರಿಗೆ, ಇಲ್ಲವಾದ ಮೀನಿಗೆ, ಸ್ಥಳಾಂತರವಾದ ಮನೆಗಳಿಗೆ ದರದ ಪಟ್ಟಿಯಂತೆ ಹಣ ಸಂದಿತು. ಇದಲ್ಲದೆ ರಾಜಧನದಲ್ಲಿ ಒಂದು ಪಾಲು. ಲೆಕ್ಕವನ್ನು ನಮ್ಮ ನಾಣ್ಯದಲ್ಲಿ ಹೇಳುವುದಾದರೆ, ನೂರು ರೂಪಾಯಿಯ ತಾಮ್ರ ಹಡಗೇರಿದರೆ ಒಂದೂಕಾಲು ರೂಪಾಯಿ ರಾಜಧನ. ಆ ಒಂದೂಕಾಲು ರೂಪಾಯಿಯಲ್ಲಿ ನೂರಕ್ಕೆ ಐದರಂತೆ ಭೂಮಾಲಿಕರ ಪಾಲು. ಅಂದರೆ ಆರೂಕಾಲು ಪೈಸೆ. ಮಿಕ್ಕದ್ದು ಸರಕಾರದ ಬೊಕ್ಕಸಕ್ಕೆ.

ಇಲ್ಲಿ ಇನ್ನೊಂದು ಪಕ್ಷವನ್ನು ಹೇಳದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ. ೧೯೭೫ರಲ್ಲಿ ಪಪುವ ನ್ಯೂಗಿನಿ ಸ್ವತಂತ್ರವಾದಾಗ ಆ ಬಡ ರಾಷ್ಟ್ರಕ್ಕೆ ಪಂಗುನಾದ ಗಣಿಯೇ ಊರುಗೋಲು; ದೇಶದೊಳಗಿನ ಸರಕಾರಿ ವರಮಾನದಲ್ಲಿ ನೂರಕ್ಕೆ ಹದಿನೇಳರಷ್ಟು ಆ ಒಂದೇ ಹೊಂಡದಿಂದ ಬರುತ್ತಿತ್ತು. ಸಂಸ್ಥೆಯವರು ರಸ್ತೆ ಹಾಕಿದರು, ಆರಾವಾ ಎಂಬ ಪಟ್ಟಣ ಕಟ್ಟಿದರು, ಯುವಕರಿಗೆ ಕೆಲಸ ಕಲಿಸಿದರು. ಮುಂದೆ ಗಣಿಯ ವಿರುದ್ಧ ಬಂಡಾಯವೆದ್ದ ಫ್ರಾನ್ಸಿಸ್ ಓನಾ ಅದೇ ಗಣಿಯಲ್ಲಿ ನೌಕರಿ ಮಾಡಿದ್ದವರು. ಉಪ್ಪುಂಡ ಮನೆಗೆ ಎರಡೆಣಿಸಿದರು ಎಂದು ಅವರನ್ನು ದೂರಿದವರಿದ್ದಾರೆ. ಆದರೆ ಯಾರ ಉಪ್ಪನ್ನು ಯಾರು ಉಂಡರು ಎಂಬುದೇ ತಾನೆ ಇಲ್ಲಿಯ ವಿವಾದ?

೧೯೮೮ರಲ್ಲಿ ಓನಾ ಮತ್ತು ಪರ್ಪೆಚುವಾ ಸೆರೆರೋ ಎಂಬ ಮಹಿಳೆಯ ಮುಂದಾಳುತನದಲ್ಲಿ ಹೊಸ ಭೂಮಾಲಿಕರ ಸಂಘವು ಹತ್ತು ಶತಕೋಟಿ ಕಿನಾ ಪರಿಹಾರವನ್ನು ಕೇಳಿತು. ಕಿನಾ ಎಂಬುದು ಆ ದೇಶದ ನಾಣ್ಯ. ಮೊತ್ತವನ್ನು ಕೇಳಿ ನಕ್ಕವರೇ ಬಹಳ. ಆ ವರ್ಷದ ಕೊನೆಯಲ್ಲಿ ಗಣಿಗೆ ವಿದ್ಯುತ್ತು ಒಯ್ಯುವ ಕಂಬಗಳು ಸಿಡಿದು ಬಿದ್ದವು. ೧೯೮೯ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ಅನಂತರ ನಡೆದದ್ದು ಅಂತರ್ಯುದ್ಧ. ಸರಕಾರವು ಸೈನ್ಯವನ್ನು ಕಳಿಸಿತು, ೧೯೯೦ರಲ್ಲಿ ದ್ವೀಪಕ್ಕೆ ದಿಗ್ಬಂಧನ ಹಾಕಿತು; ಔಷಧ ಕೂಡ ಒಳಗೆ ಹೋಗದಾಯಿತು. ದ್ವೀಪದವರೇ ಎರಡು ಬಣವಾಗಿ ಒಬ್ಬರನ್ನೊಬ್ಬರು ಕೊಂದರು. ೧೯೯೮ರಲ್ಲಿ ಕದನ ನಿಲ್ಲುವ ಹೊತ್ತಿಗೆ ಸತ್ತವರು ಹದಿನೈದರಿಂದ ಇಪ್ಪತ್ತು ಸಾವಿರವೆಂದು ಅಂದಾಜು ಮಾಡುತ್ತಾರೆ. ಇಷ್ಟೂ ಸಾವನ್ನು ಗಣಿಯೊಂದರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಬೋಗನ್‌ವಿಲ್ ಜನಕ್ಕೆ ಪ್ರತ್ಯೇಕ ರಾಷ್ಟ್ರದ ಬಯಕೆ ಗಣಿಯ ಕಿತ್ತಾಟಕ್ಕಿಂತ ಹಳೆಯದು; ೧೯೭೫ರಲ್ಲಿಯೇ ಅವರು ಒಮ್ಮೆ ಸ್ವಾತಂತ್ರ್ಯ ಸಾರಿದ್ದರು. ಆದರೂ ಕಿಡಿ ಬಿದ್ದದ್ದು ಪಂಗುನಾದಲ್ಲಿ.

ಯುದ್ಧ ಮುಗಿದ ಮೇಲೆ ಎರಡನೆಯ ದಾವೆ. ಈ ಸಾರಿ ಸಮುದ್ರದಾಚೆ ಅಮೆರಿಕಕ್ಕೆ. ವಿದೇಶೀಯರು ಅಂತರರಾಷ್ಟ್ರೀಯ ನ್ಯಾಯದ ಭಂಗಕ್ಕಾಗಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂಬ ೧೭೮೯ರ ಕಾನೂನೊಂದು ಅಲ್ಲಿದೆ. ಅದನ್ನು ಹಿಡಿದು, ೨೦೦೦ದಲ್ಲಿ, ಅಲೆಕ್ಸಿಸ್ ಸರೇ ಮೊದಲಾದವರು ಕ್ಯಾಲಿಫೋರ್ನಿಯದಲ್ಲಿ ರಿಯೋ ಟಿಂಟೋದ ಮೇಲೆ ದಾವೆ ಹೂಡಿದರು. ನದಿ ಕೆಟ್ಟದ್ದರ ಜೊತೆಗೆ, ದಿಗ್ಬಂಧನದಲ್ಲಿಯೂ ಸೈನಿಕ ಕಾರ್ಯದಲ್ಲಿಯೂ ಸಂಸ್ಥೆಯ ಕೈವಾಡವಿತ್ತೆಂಬ ಘೋರ ಆಪಾದನೆ ಅದರಲ್ಲಿತ್ತು. ಸಂಸ್ಥೆ ಅದನ್ನು ಅಲ್ಲಗಳೆಯಿತು. ದಾವೆ ಮೇಲಿನ ಕೋರ್ಟಿಗೂ ಕೆಳಗಿನ ಕೋರ್ಟಿಗೂ ಹತ್ತಿ ಇಳಿಯಿತು. ೨೦೧೧ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಕೆಲವು ಆಪಾದನೆಗಳ ವಿಚಾರಣೆ ನಡೆಯಬಹುದೆಂದಿತು. ಎರಡು ವರ್ಷದ ಮೇಲೆ, ನೈಜೀರಿಯದ ಎಣ್ಣೆಯ ವ್ಯವಹಾರಕ್ಕೆ ಸಂಬಂಧಿಸಿದ ಬೇರೊಂದು ಮೊಕದ್ದಮೆಯಲ್ಲಿ, ಪರದೇಶದ ನೆಲದಲ್ಲಿ ನಡೆದ ಕೃತ್ಯಗಳಿಗೆ ಆ ಹಳೆಯ ಕಾನೂನು ಸಾಮಾನ್ಯವಾಗಿ ಎಟುಕುವುದಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆ ಒಂದು ವಾಕ್ಯದಿಂದ ಬೋಗನ್‌ವಿಲ್ ದಾವೆಯೂ ೨೦೧೩ರಲ್ಲಿ ವಜಾ ಆಯಿತು. ಹದಿಮೂರು ವರ್ಷ; ಒಬ್ಬ ಸಾಕ್ಷಿಯೂ ಕಟ್ಟೆ ಹತ್ತಲಿಲ್ಲ. ಆಪಾದನೆ ಸಿದ್ಧವಾಗಲಿಲ್ಲ, ಸುಳ್ಳೆಂದೂ ಆಗಲಿಲ್ಲ.

ಹೀಗೇಕೆ ಪರದೇಶದ ಕೋರ್ಟುಗಳನ್ನು ಹುಡುಕಿಕೊಂಡು ಹೋಗಬೇಕು, ತಮ್ಮ ದೇಶದ ನ್ಯಾಯಸ್ಥಾನ ಸಾಲದೆ? ಎಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಕೇಳಿದನು. ಒಳ್ಳೆಯ ಪ್ರಶ್ನೆ. ಅದೇ ಪಪುವ ನ್ಯೂಗಿನಿಯ ಪಶ್ಚಿಮದ ಬೆಟ್ಟಗಳಲ್ಲಿ ಓಕ್ ಟೆಡಿ ಎಂಬ ಇನ್ನೊಂದು ಗಣಿಯುಂಟು, ಬಿ.ಎಚ್.ಪಿ. ಎಂಬ ಆಸ್ಟ್ರೇಲಿಯದ ಸಂಸ್ಥೆ ನಡೆಸುತ್ತಿದ್ದದ್ದು. ಕಸವನ್ನು ತಡೆಯಲೆಂದು ಕಟ್ಟುತ್ತಿದ್ದ ಅಣೆ ೧೯೮೪ರಲ್ಲಿ ಕುಸಿಯಿತು, ಮತ್ತೆ ಕಟ್ಟಲಿಲ್ಲ, ಕಸ ಹೊಳೆಗೆ ಹೋಯಿತು. ದಡದ ಜನ ೧೯೯೪ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಕೋರ್ಟಿನಲ್ಲಿ ದಾವೆ ಹೂಡಿದರು. ಆಗ ಅವರ ಸ್ವಂತ ದೇಶದ ಸರಕಾರವೇ, ಗಣಿಯಲ್ಲಿ ತಾನೂ ಒಬ್ಬ ಪಾಲುದಾರನಾಗಿದ್ದ ಸರಕಾರವೇ, ೧೯೯೫ರಲ್ಲಿ ಹೊಸ ಕಾನೂನೊಂದನ್ನು ತಂದಿತು. ಏನೆಂದು? ಪರಿಹಾರಕ್ಕಾಗಿ ವಿದೇಶದ ಕೋರ್ಟಿಗೆ ಹೋಗುವುದು ಅಪರಾಧವೆಂದು! ಬೇಲಿಯೇ ಹೊಲ ಮೇಯ್ದರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ದೃಷ್ಟಾಂತ ಸಿಕ್ಕದು. ೧೯೯೬ರಲ್ಲಿ ಆ ದಾವೆ ರಾಜಿಯಲ್ಲಿ ಮುಗಿಯಿತು. ಹೊಳೆಗೆ ಕಸ ಬೀಳುವುದು ಮುಂದುವರಿಯಿತು. ಆ ಕಥೆ ಅಲ್ಲಿಗಿರಲಿ.

ನಮ್ಮ ಒಡಿಶಾದ ನಿಯಮಗಿರಿ ಓದುಗರಿಗೆ ನೆನಪಿಗೆ ಬರಬಹುದು. ಲಂಡನ್ನಿನಲ್ಲಿ ಮೂಲವಿದ್ದ ವೇದಾಂತ ಸಂಸ್ಥೆಯ ಬಾಕ್ಸೈಟ್ ಯೋಜನೆಯ ವಿಷಯದಲ್ಲಿ ೨೦೧೩ರ ಏಪ್ರಿಲಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಗ್ರಾಮಸಭೆಗಳ ಮುಂದೆ ಪ್ರಶ್ನೆಯನ್ನಿಡಲು ಹೇಳಿತು. ಹನ್ನೆರಡು ಗ್ರಾಮಸಭೆಗಳೂ ಬೇಡವೆಂದುವು. ಅಲ್ಲಿ ಅಗೆಯುವ ಮುಂಚೆ ಕೇಳಿದರು. ಪಂಗುನಾದಲ್ಲಿ ಕೇಳುವ ಕಾಲ ಎಂದೋ ಮೀರಿತ್ತು.

ಮತ್ತೆ ಬೋಗನ್‌ವಿಲ್ಲಿಗೆ ಬರೋಣ. ೨೦೧೬ರಲ್ಲಿ ರಿಯೋ ಟಿಂಟೋ ಒಂದು ಉದಾರವಾದ ದಾನ ಮಾಡಿತು. ಗಣಿಯಲ್ಲಿ ತನಗಿದ್ದ ಅರ್ಧಕ್ಕೂ ಹೆಚ್ಚಿನ ಪಾಲನ್ನು ಕಾಸಿಲ್ಲದೆ ಪಪುವ ನ್ಯೂಗಿನಿಯ ಸರಕಾರಕ್ಕೂ ಬೋಗನ್‌ವಿಲ್ ಸ್ವಾಯತ್ತ ಸರಕಾರಕ್ಕೂ ಬಿಟ್ಟುಕೊಟ್ಟಿತು. ದಾನದ ಬೆನ್ನಿಗೆ ಒಂದು ವಿವರಣೆ: ಗಣಿ ನಡೆದ ಕಾಲದಲ್ಲಿ ಅಂದಿನ ಕಾನೂನಿಗೆ ಅನುಸಾರವಾಗಿಯೇ ನಡೆದಿದ್ದೇವೆ, ಆದಕಾರಣ ಶುದ್ಧೀಕರಣದ ಹೊಣೆ ನಮಗಿಲ್ಲ. ಎಮ್ಮೆ ಹಾಲು ಕೊಡುವವರೆಗೆ ನನ್ನದು, ಸತ್ತ ಮೇಲೆ ಕೊಟ್ಟಿಗೆಯ ಸಮೇತ ನಿನ್ನದು ಎಂದ ಹಾಗೆ. ಅಂದಿನ ಕಾನೂನಿಗೆ ಅನುಸಾರ ಎಂಬ ಮಾತು ಸುಳ್ಳೆಂದು ನಾವು ಹೇಳುತ್ತಿಲ್ಲ. ಆ ಕಾನೂನು ಯಾರು ಯಾರೊಡನೆ ಕುಳಿತು ಬರೆದದ್ದು ಎಂಬುದನ್ನು ಮೇಲೆ ಹೇಳಿಯಾಗಿದೆ.

೨೦೨೦ರ ಸೆಪ್ಟೆಂಬರಿನಲ್ಲಿ ೧೫೬ ಮಂದಿ ಗ್ರಾಮಸ್ಥರು ಬೇರೊಂದು ದಾರಿ ಹಿಡಿದರು. ಆಸ್ಟ್ರೇಲಿಯದ ಮಾನವಹಕ್ಕುಗಳ ಕಾನೂನು ಕೇಂದ್ರದ ನೆರವಿನಿಂದ, ಕೋರ್ಟಿಗಲ್ಲ, ವಿದೇಶಗಳಲ್ಲಿ ವ್ಯವಹರಿಸುವ ಸಂಸ್ಥೆಗಳ ನಡವಳಿಕೆಯ ಮೇಲೆ ದೂರು ಕೇಳುವ ಆಸ್ಟ್ರೇಲಿಯ ಸರಕಾರದ ಒಂದು ಕಚೇರಿಗೆ ಅರ್ಜಿ ಕೊಟ್ಟರು. ಆ ಕಚೇರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಇಬ್ಬರನ್ನೂ ಕೂಡಿಸಿ ಮಾತನಾಡಿಸಬಲ್ಲದು, ಅಷ್ಟೇ. ಸೋಜಿಗವೆಂದರೆ, ಅರ್ಧ ಶತಮಾನದ ಕೋರ್ಟುಗಳಿಂದ ಆಗದ ಒಂದು ಕೆಲಸ ಈ ಕೈಲಾಗದ ಕಚೇರಿಯಿಂದ ಆಯಿತು. ೨೦೨೧ರ ಜುಲೈಯಲ್ಲಿ, ಗಣಿಯ ಹಾನಿಯನ್ನು ಸ್ವತಂತ್ರ ತಜ್ಞರು ಅಳೆಯಲೆಂದು ಅದರ ವೆಚ್ಚ ಕೊಡಲು ಸಂಸ್ಥೆ ಒಪ್ಪಿತು. ಇದರಲ್ಲಿ ಅದೇ ಸಂಸ್ಥೆಯ ಕೈಯಿಂದ ೨೦೨೦ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಜೂಕನ್ ಕಣಿವೆಯ ಪುರಾತನ ಶಿಲಾಶ್ರಯಗಳು ಸಿಡಿದು ಹೋಗಿ ಲೋಕವೆಲ್ಲ ಛೀಮಾರಿ ಹಾಕಿದ್ದರ ಪಾಲೂ ಇರಬಹುದೆಂದು ನಮ್ಮ ಊಹೆ. ಅಲ್ಲಿ ನಲವತ್ತಾರು ಸಾವಿರ ವರ್ಷದ ಹಿಂದೆಯೇ ಮನುಷ್ಯರು ತಂಗಿದ್ದ ಕುರುಹಿತ್ತು. ಅದೂ ಕಾನೂನಿನ ಅನುಮತಿ ಪಡೆದೇ ಸಿಡಿಸಿದ್ದು.

ವರದಿ ೨೦೨೪ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಹೊಂಡದ ಗೋಡೆಗಳು ಕುಸಿಯುವ ಭಯ, ಹಳೆಯ ಕಟ್ಟಡಗಳು ಮತ್ತು ಒಡ್ಡುಗಳು ಬೀಳುವ ಭಯ, ಹೊಳೆಯ ಪಾತ್ರದಲ್ಲಿ ತುಂಬಿದ ಕಸದಿಂದ ನೆರೆಯೇರುವುದು, ರಾಸಾಯನಿಕಗಳು ಸೇರಿದ ನೆಲ ಇವೆಲ್ಲ ಅದರಲ್ಲಿ ಬಂದಿವೆ. ಹಳ್ಳಿಯವರು ಮೂವತ್ತೈದು ವರ್ಷದಿಂದ ಹೇಳುತ್ತಿದ್ದ ಸಂಗತಿಗಳೇ ಬಹುಮಟ್ಟಿಗೆ. ವ್ಯತ್ಯಾಸವಿಷ್ಟೆ: ಹಳ್ಳಿಯವರು ಹೇಳಿದಾಗ ಅದು ದೂರು, ತಜ್ಞರು ಬರೆದಾಗ ಅದು ನಿರ್ಣಯ. ಸಂಸ್ಥೆ ಈ ನಿರ್ಣಯಗಳನ್ನು ಒಪ್ಪಿರುವುದಾಗಿ ಸಾರಿತು. ಅದಕ್ಕೂ ಒಂದು ತಿಂಗಳು ಮುಂಚೆ, ಮುಂದಿನ ದಾರಿಯನ್ನು ಗೊತ್ತುಮಾಡಲು ಸ್ವಾಯತ್ತ ಸರಕಾರ ಮತ್ತು ಗಣಿಯ ಸಂಸ್ಥೆಗಳು ಕೂಡಿ ಒಂದು ದುಂಡುಮೇಜಿನ ಸಭೆಗೆ ಒಪ್ಪಂದ ಮಾಡಿಕೊಂಡವು. ದುಂಡುಮೇಜು ಎಂಬ ಶಬ್ದ ಕೇಳಿದೊಡನೆ ನಮ್ಮ ಹಿರಿಯರು ೧೯೩೧ರ ಲಂಡನ್ನನ್ನು ನೆನೆದು ಮುಗುಳ್ನಗುತ್ತಿದ್ದರೇನೋ.

ನಾನು ಭಾಷೆಯ ಅಧ್ಯಾಪಕ. ಗಣಿಯನ್ನಾಗಲಿ ಕಾನೂನನ್ನಾಗಲಿ ಶಾಸ್ತ್ರವಾಗಿ ಓದಿದವನಲ್ಲ. ನನಗೆ ಈ ವ್ಯಾಜ್ಯದಲ್ಲಿ ಕಾಣುವುದು ಒಂದು ಶಬ್ದದ ಕಷ್ಟ. ‘ಪರಿಹಾರ’ ಎಂಬ ಮಾತನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ನಷ್ಟಕ್ಕೆ ಕೊಡುವ ಹಣವೂ ಪರಿಹಾರ. ಕಷ್ಟವು ತೊಲಗುವುದೂ ಪರಿಹಾರ. ಧಾತುವಿನ ಅರ್ಥ ಎರಡನೆಯದೇ, ತೆಗೆದುಹಾಕುವುದು. ಹಣದ ಅರ್ಥ ಆಮೇಲೆ ಬಂದದ್ದು. ಬೆಳೆ ಪರಿಹಾರ, ಅಪಘಾತ ಪರಿಹಾರ ಎಂದು ದಿನವೂ ಓದಿ ಓದಿ ಮೊದಲನೆಯ ಅರ್ಥವೇ ನಮಗೆ ಮರೆತಂತಾಗಿದೆ. ಪಂಗುನಾದಲ್ಲಿ ಒಂದು ಅರ್ಥದ ಪರಿಹಾರ ೧೯೭೦ರ ದಶಕದಿಂದಲೇ ಸಂದಿದೆ, ತೆಂಗಿನ ಮರಕ್ಕೆ ಇಷ್ಟು, ಮನೆಗೆ ಇಷ್ಟು ಎಂದು. ಇನ್ನೊಂದು ಅರ್ಥದ ಪರಿಹಾರ, ಎಂದರೆ ಹೊಳೆಯಿಂದ ಆ ಮರಳನ್ನು ತೆಗೆಯುವುದು, ತೆಗೆಯಲಾಗದಿದ್ದರೆ ಅದರ ಅಪಾಯವನ್ನಾದರೂ ತೆಗೆಯುವುದು, ಆರಂಭವಾಗಿಯೇ ಇರಲಿಲ್ಲ. ಹತ್ತು ಶತಕೋಟಿ ಕೇಳಿದ ಓನಾ ಅವರನ್ನು ದುರಾಸೆಯವರೆಂದವರು, ನೂರು ಕೋಟಿ ಟನ್ನನ್ನು ತೆಗೆದುಹಾಕಲು ಎಷ್ಟು ಬೇಕಾದೀತೆಂದು ಲೆಕ್ಕ ಹಾಕಿದ್ದರೇ?

ಈ ನಡುವೆ ನೊಂದವರಲ್ಲಿಯೇ ಒಡಕು ಬಂದಿದೆ. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ೨೦೨೪ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸೇರಿ ಪಪುವ ನ್ಯೂಗಿನಿಯ ಕೋರ್ಟಿನಲ್ಲಿಯೇ ಸಂಸ್ಥೆಯ ಮೇಲೆ ಸಾಮೂಹಿಕ ದಾವೆ ಹೂಡಿದರು. ದಾವೆಯ ವೆಚ್ಚ ಹೊರಗಿನ ಹಣಹೂಡುವವರದು; ಗೆದ್ದರೆ ಅವರಿಗೂ ಪಾಲುಂಟು. ಸ್ವಾಯತ್ತ ಸರಕಾರದ ಅಧ್ಯಕ್ಷರಾದ ಇಶ್ಮಾಯೆಲ್ ತೊರೊಆಮಾ ಇದನ್ನು ವಿರೋಧಿಸಿದರು. ಯುದ್ಧಕಾಲದಲ್ಲಿ ಅವರು ಗಣಿಗೆ ಎದುರಾದ ಬಂಡಾಯದ ಸೇನೆಯ ದಳಪತಿ. ಈಗ ಗಣಿಯನ್ನು ಮತ್ತೆ ತೆರೆಯಬೇಕೆನ್ನುವವರಲ್ಲಿ ಮುಂದು. ಇದನ್ನು ಬಣ್ಣ ಬದಲಾಯಿಸುವುದೆಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗೆ ಹೇಳಲು ಮನಸ್ಸು ಬಾರದು. ೨೦೧೯ರ ಜನಮತದಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟು ಜನ ಸ್ವಾತಂತ್ರ್ಯ ಬೇಕೆಂದಿದ್ದಾರೆ. ಸುಮಾರು ಮೂರು ಲಕ್ಷ ಜನರ ದ್ವೀಪಕ್ಕೆ ಸ್ವಂತ ರಾಷ್ಟ್ರವಾಗಿ ಬಾಳಲು ಹಣ ಎಲ್ಲಿಂದ ಬರಬೇಕು? ಕಣ್ಣಿಗೆ ಕಾಣುವುದು ಆ ಹೊಂಡದಲ್ಲಿ ಉಳಿದಿರುವ ತಾಮ್ರವೊಂದೇ. ಮನೆಯನ್ನು ಸುಟ್ಟ ಬೆಂಕಿಯಲ್ಲಿಯೇ ಅಡಿಗೆ ಮಾಡಬೇಕಾದವರ ಸಂಕಟವದು.

ತೆಯೋರಿ ತೌ ಅವರ ಸೋತ ದಾವೆಗೆ ಒಂದು ಉತ್ತರಕಾಂಡವಿದೆ. ಆಸ್ಟ್ರೇಲಿಯದ ಉತ್ತರದಲ್ಲಿ ಗೋವ್ ಎಂಬ ಪರ್ಯಾಯದ್ವೀಪವುಂಟು. ಅಲ್ಲಿಯ ನೆಲವನ್ನು ಬಾಕ್ಸೈಟ್ ಗಣಿಗಾಗಿ ತೆಗೆದಿರಿಸಿದಾಗ ಯೊಲ್ಙು ಜನ ೧೯೬೩ರಲ್ಲಿ ಮರದ ತೊಗಟೆಯ ಮೇಲೆ ಅರ್ಜಿ ಬರೆದು ಪಾರ್ಲಿಮೆಂಟಿಗೆ ಕಳಿಸಿದರು. ೧೯೭೧ರಲ್ಲಿ ದಾವೆಯಲ್ಲಿ ಸೋತರು. ಅವರ ಮುಖಂಡರಾದ ಗಲರ್ವುಯಿ ಯುನುಪಿಙು ತಮ್ಮ ಮುಪ್ಪಿನಲ್ಲಿ ೨೦೧೯ರಲ್ಲಿ ಪ್ರಶ್ನೆಯನ್ನು ಮತ್ತೆ ಎತ್ತಿ, ತೀರ್ಪು ಕೇಳದೆ ೨೦೨೩ರಲ್ಲಿ ತೀರಿಕೊಂಡರು. ೨೦೨೫ರ ಮಾರ್ಚಿಯಲ್ಲಿ ಆಸ್ಟ್ರೇಲಿಯದ ಹೈಕೋರ್ಟು ತೀರ್ಪಿತ್ತಿತು: ನ್ಯಾಯವಾದ ಕರಾರಿನ ಅಭಯ ಪ್ರಾಂತಗಳಿಗೂ ಅನ್ವಯಿಸುತ್ತದೆ. ೧೯೬೯ರಲ್ಲಿ ಪಂಗುನಾದವರಿಗೆ ಇಲ್ಲವೆಂದ ಮಾತಿಗೆ, ಐವತ್ತಾರನೆಯ ವರ್ಷಕ್ಕೆ, ಅದೇ ನ್ಯಾಯಸ್ಥಾನದಿಂದ ಹೌದು. ಆ ಹೌದು ಗೋವ್‌ನ ಜನಕ್ಕೆ ಸಂದಿತು. ಬೋಗನ್‌ವಿಲ್ ಅಷ್ಟರಲ್ಲಿ ಪರದೇಶವಾಗಿ ಐವತ್ತು ವರ್ಷವಾಗುತ್ತ ಬಂದಿತ್ತು.

ಬೋಗನ್‌ವಿಲ್ ಸರಕಾರ ಮಾತ್ರ ತನ್ನ ಮಟ್ಟಿಗೆ ಈ ಕೆಲಸವನ್ನು ಮೊದಲೇ ಮಾಡಿಕೊಂಡಿದೆ. ೨೦೧೫ರಲ್ಲಿ ಅದು ಮಾಡಿದ ಗಣಿಕಾನೂನಿನ ಪ್ರಕಾರ ನೆಲದ ಕೆಳಗಿನ ಖನಿಜ ಸಂಪ್ರದಾಯದ ಭೂಮಾಲಿಕರದೇ. ಬೇಡವೆನ್ನುವ ಹಕ್ಕೂ ಅವರದೇ. ರೊರೊವಾನಾದಲ್ಲಿ ಕಲ್ಲು ಕಿತ್ತ ಹೆಂಗಸರ ಮಾತು ಕಾನೂನಿನ ಪುಸ್ತಕಕ್ಕೆ ಬಂದಂತಾಯಿತು. ಎರಡನೆಯ ಸಾರಿ ಅಗೆಯುವುದಾದರೆ ಈ ಸಾರಿ ಆ ಮನೆತನಗಳ ಸಮ್ಮತಿ ಬೇಕು. ಮೊದಲನೆಯ ಸಾರಿಯ ಮರಳಾದರೋ ಇನ್ನೂ ಜಾಬಾ ಹೊಳೆಯಲ್ಲಿದೆ. ಮಳೆಗಾಲದಲ್ಲಿ ಅದು ಕೆಳಗಿನ ತೋಟಗಳ ಕಡೆಗೆ ಸರಿಯುತ್ತದೆ, ಹೊಳೆ ದಾಟುವ ಕಡೆ ಪ್ರತಿ ವರ್ಷವೂ ಬದಲಾಗುತ್ತದೆ. ಅದನ್ನು ಯಾರು ತೆಗೆಯಬೇಕು, ಯಾರ ಹಣದಿಂದ ಎಂಬುದೇ ಈಗ ದುಂಡುಮೇಜಿನ ಮೇಲಿರುವ ಕಾಗದ.